ಐದು ಬೆರಳಿನ ಗುರುತು

ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಒಬ್ಬರಿಗೆ ಪ್ರಾರ್ಥನೆಯಿಂದ ಸಕ್ಕರೆ ಕಾಯಿಲೆ ಇಳಿದದ್ದು, ಇನ್ನೊಬ್ಬರಿಗೆ ಕನಸಿನಲ್ಲಿ ಬಿಳಿ ಬಟ್ಟೆಯವರು ಕಂಡದ್ದು, ಮತ್ತೊಬ್ಬರ ಎಮ್ಮೆ ಕಳೆದುಹೋಗಿ ತಾನಾಗಿ ಮನೆಗೆ ಬಂದದ್ದು. ಎಮ್ಮೆ ಸಂಜೆಯಾದರೆ ಮನೆಗೆ ಬಾರದೆ ಇನ್ನೆಲ್ಲಿಗೆ ಹೋಗುತ್ತದೆ ಸ್ವಾಮಿ? ನಾನು ಹೊರಗೆ ನಿಂತು ನನ್ನ ಟೆಂಪೊದ ಟೈರು ಒದ್ದು ನೋಡುತ್ತಿದ್ದೆ. ತಾತನ ಕಾಲದಿಂದ ನಾವು ಚಿಕ್ಕಬಳ್ಳಾಪುರದ ಸಭೆಯವರೇ. ಆದರೂ ದೇವರು ಇಂಥ ಚಿಲ್ಲರೆ ಕೆಲಸಗಳಿಗೆಲ್ಲ ಕೆಳಗೆ ಇಳಿದು ಬರುತ್ತಾನೆಂದು ನಾನು ನಂಬಿದವನಲ್ಲ. ಈಗಲೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ಅದಕ್ಕೇ ಇದನ್ನು ಸಭೆಯ ಮುಂದೆ ನಿಂತು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಮೊದಲು ನನ್ನ ಕೈಯ ವಿಷಯ ಹೇಳಬೇಕು. ನನ್ನ ಬಲಗೈಯಲ್ಲಿ ಮೂರೇ ಬೆರಳು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ತೋರುಬೆರಳೂ ನಡುಬೆರಳೂ ನನ್ನ ಇಪ್ಪತ್ತನೇ ವಯಸ್ಸಿನಲ್ಲಿ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಬುಡಸಮೇತ ಹೋದವು. ಗೇರು ಹಾಕುವುದು, ಊಟ ಮಾಡುವುದು, ಸಹಿ ಮಾಡುವುದು ಎಲ್ಲವೂ ಅಭ್ಯಾಸವಾಗಿದೆ. ಒಂದೇ ಒಂದು ಕಾಟವಿತ್ತು. ಇಲ್ಲದ ಆ ಎರಡು ಬೆರಳು ಚಳಿಗಾಲದಲ್ಲಿ ಕೆರೆಯುತ್ತಿದ್ದವು. ಕೆರೆದುಕೊಳ್ಳಲು ಹೋದರೆ ಬರೀ ಗಾಳಿ. ಡಾಕ್ಟರು ಎಷ್ಟೋ ಜನಕ್ಕೆ ಹೀಗಾಗುತ್ತದೆ, ನರಗಳ ಆಟ ಎಂದಿದ್ದರು. ಇರಬಹುದು ಎಂದು ನಾನೂ ಸುಮ್ಮನಿದ್ದೆ.

ಇನ್ನೊಂದು ಹೇಳಬೇಕಾದ್ದು ನನ್ನ ಸಿಟ್ಟು. ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ವಿಷಯಕ್ಕೆ ಇಬ್ಬರ ಹಲ್ಲು ಉದುರಿಸಿದ್ದೆ. ಮೂರು ಬೆರಳಿನ ಮುಷ್ಟಿಯಿಂದ ಹೊಡೆದರೆ ಏಟು ಚೂಪಾಗಿ ಬೀಳುತ್ತದೆಂದು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನನ್ನು ಸಾಕಿದವಳು ನನ್ನ ಅಕ್ಕ ಸುಗುಣ. ಅಮ್ಮ ತೀರಿಕೊಂಡಾಗ ಅವಳಿಗೆ ಹದಿನಾಲ್ಕು, ನನಗೆ ಆರು. ಅವಳನ್ನು ಸಾದಲಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಭಾವ ಸುಂದರರಾಜನಿಗೆ ಅಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ. ದುಡಿಮೆಗಾರ, ಕುಡಿತವಿಲ್ಲ, ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಆರಾಧನೆಗೆ ಬರುವವನು. ಆದರೆ ಮನೆಯೊಳಗೆ ಅಕ್ಕನನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಹುಳುವಿಗೆ ಸೊಪ್ಪು ಹಾಕುವುದು ಹತ್ತು ನಿಮಿಷ ತಡವಾದರೆ ಹೊಡೆತ. ಎದುರಿಗೆ ನಾನು ಅವನಿಗೆ "ನೀವು" ಅನ್ನುತ್ತಿದ್ದರೂ ಮನಸ್ಸಿನಲ್ಲಿ ಏಕವಚನವೇ ಇತ್ತು. ಬರೆಯುವಾಗಲೂ ಅದೇ ಬರುತ್ತಿದೆ.

ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಕಣ್ಣು ಊದಿದ್ದರೆ ಬಾಗಿಲು ತಗುಲಿತು ಅನ್ನುವಳು, ಕೈ ಊದಿದ್ದರೆ ಜಾರಿ ಬಿದ್ದೆ ಅನ್ನುವಳು. ಆ ಮನೆಯ ಬಾಗಿಲಿಗೆ ಅವಳ ಮೇಲೆ ಅಷ್ಟು ಹಗೆ ಯಾಕೆಂದು ಯಾರೂ ಕೇಳಲಿಲ್ಲ. ಸಭೆಯ ಹಿರಿಯರಿಗೆ ಹೇಳಿದೆ. ಪ್ರಾರ್ಥನೆ ಮಾಡೋಣ, ತಾಳ್ಮೆ ಇರಲಿ ಎಂದರು. ತಾಳ್ಮೆ ಯಾರಿಗೆ ಇರಲಿ, ಹೊಡೆಯುವವನಿಗೋ ಹೊಡೆಸಿಕೊಳ್ಳುವವಳಿಗೋ ಎಂದು ಕೂಗಾಡಿ ಎದ್ದು ಬಂದಿದ್ದೆ.

ನಮ್ಮಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ತೆಗೆಯುವ ಪದ್ಧತಿ ಇದೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಸ್ಟೀಲ್ ತಟ್ಟೆಯಲ್ಲಿ ಮಡಿಸಿದ ಕಾರ್ಡುಗಳನ್ನು ಹಿಡಿದು ನಿಲ್ಲುತ್ತಾರೆ. ಒಬ್ಬೊಬ್ಬರೇ ಹೋಗಿ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿರುವ ವಚನ ಆ ವರ್ಷವೆಲ್ಲ ನಿಮ್ಮದು. ಸಾಮಾನ್ಯವಾಗಿ ಸಮಾಧಾನ, ಆರೋಗ್ಯ, ಮಕ್ಕಳು, ಮನೆ, ಇಂಥವೇ ಬರುತ್ತವೆ. ಏಳೆಂಟು ವರ್ಷದ ಹಿಂದಿನ ಆ ಹೊಸ ವರ್ಷದಲ್ಲಿ ನನಗೆ ಬಂದದ್ದು ಬೈಬಲಿನ ಕೀರ್ತನೆಯ ಒಂದು ವಚನ. ನನ್ನ ಕೈಗಳಿಗೆ ಯುದ್ಧ ಮಾಡುವುದನ್ನೂ ನನ್ನ ಬೆರಳುಗಳಿಗೆ ಕಾದಾಡುವುದನ್ನೂ ಕಲಿಸುವ ದೇವರಿಗೆ ಸ್ತೋತ್ರ ಎಂಬ ಅರ್ಥದ ಮಾತು. ಅಯ್ಯನವರು ಅದನ್ನು ಗಟ್ಟಿಯಾಗಿ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೆರಳಿಲ್ಲದ ಜಗಳಗಂಟನಿಗೆ ಬೆರಳಿನ ಕಾಳಗ!

ಅಕ್ಕ ಮಾತ್ರ ನಗಲಿಲ್ಲ. ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿದ್ದವಳು ಹೊರಗೆ ಬಂದ ಮೇಲೆ, ನಾನು ಬೆಂಚಿನ ಮೇಲೆ ಬಿಟ್ಟುಬಂದಿದ್ದ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನಿಂಗೆ ಬಂದೈತೆ ಅಂದ್ರೆ ನಿಂದೇ ಕಣೋ. ಜೋಪಾನವಾಗಿ ಇಟ್ಕೊ" ಎಂದಳು. ಹಾಗೆನ್ನುವಾಗ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ್ದಳು. ಎಡಗಿವಿ ಕೇಳಿಸುತ್ತಿಲ್ಲವೆಂದು ನನಗೆ ಆಗಲೇ ಗೊತ್ತಾದದ್ದು. ಅದಕ್ಕೆ ಯಾವ ಬಾಗಿಲು ತಗುಲಿತು ಎಂದು ಕೇಳಿದರೆ ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

ನಾನು ಕಾರ್ಡನ್ನು ಟೆಂಪೊದ ಮುಂದಿನ ಗಾಜಿಗೆ ಅಂಟಿಸಿದೆ. ಮುಂದಿನ ಮೂರು ತಿಂಗಳು ದಿನವೂ ಅದನ್ನು ಓದಿದೆ. ಭಕ್ತಿಯಿಂದಲ್ಲ. ದೇವರೇ ನನಗೆ ಅಪ್ಪಣೆ ಚೀಟಿ ಬರೆದುಕೊಟ್ಟಿದ್ದಾನೆ ಎಂದುಕೊಂಡು ಓದಿದೆ. ಒಂದಲ್ಲ ಒಂದು ದಿನ ಸುಂದರರಾಜನಿಗೆ ನನ್ನ ಕೈಯಲ್ಲೇ ಇದೆ ಎಂದು ಗೇರು ಬದಲಿಸುವಾಗಲೆಲ್ಲ ಅಂದುಕೊಳ್ಳುತ್ತಿದ್ದೆ. ವಾಗ್ದಾನದ ವಚನವನ್ನು ಹೀಗೆ ತಿರುಚಿ ಓದಿದವನು ನಮ್ಮ ಸಭೆಯಲ್ಲಿ ನಾನೊಬ್ಬನೇ ಇರಬೇಕು.

ಈಸ್ಟರ್‌ಗೆ ಇನ್ನೂ ಎರಡು ಮೂರು ವಾರ ಇತ್ತು. ಅಕ್ಕನ ಮನೆಯಲ್ಲಿ ಹುಳು ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟಲು ಸಿದ್ಧವಾಗಿದ್ದವು. ಅವುಗಳನ್ನು ಬಿಡಲು ಬಿದಿರಿನ ಚಂದ್ರಿಕೆಗಳು ಸಾಲದೆಂದು ಫೋನು ಬಂತು. ನಾನು ಒಂದು ಲೋಡು ಚಂದ್ರಿಕೆ ಹೇರಿಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿಗೆ ಹೋದೆ. ಉರಿಬಿಸಿಲು. ಗಾಡಿ ನಿಲ್ಲಿಸಿದಾಗ ಹುಳುಮನೆಯ ಒಳಗಿನಿಂದ ಅಕ್ಕನ ಕೂಗು ಕೇಳಿಸಿತು. ಅವಳು ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

ಒಳಗೆ ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ನೆಲದ ಮೇಲೆ ಎಳೆಯುತ್ತಿದ್ದ. ಇನ್ನೊಂದು ಕೈಯಲ್ಲಿ ಬಿದಿರಿನ ಗಳು. ಅವಳ ಕಿವಿಯಿಂದ ರಕ್ತ ಇಳಿದು ಕುಪ್ಪಸದ ತೋಳೆಲ್ಲ ಒದ್ದೆಯಾಗಿತ್ತು. ಮಾಗದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟಳಂತೆ. ಅಷ್ಟೇ ತಪ್ಪು.

ಬಾಗಿಲ ಪಕ್ಕದಲ್ಲಿ ಹಿಪ್ಪುನೇರಳೆ ಕಡ್ಡಿ ಕಡಿಯುವ ಮಚ್ಚು ಒರಗಿಸಿತ್ತು. ಎತ್ತಿಕೊಂಡೆ. ಮೂರು ಬೆರಳಿನ ಕೈಗೆ ಮಚ್ಚಿನ ಹಿಡಿ ಸರಿಯಾಗಿ ಸಿಗುವುದಿಲ್ಲ, ಎರಡೂ ಕೈಯಲ್ಲಿ ಹಿಡಿದೆ. ಮೊದಲ ಏಟು ಮಚ್ಚಿನ ಬೆನ್ನಿನಿಂದ ಅವನ ಹೆಗಲಿಗೆ ಬಿತ್ತು. ಅವನು ಜಡೆ ಬಿಟ್ಟು ತಿರುಗಿ ಗಳುವಿನಿಂದ ನನ್ನ ಮುಖಕ್ಕೆ ಬೀಸಿದ. ತುಟಿ ಒಡೆಯಿತು. ಇಬ್ಬರೂ ಹುಳುವಿನ ತಟ್ಟೆಗಳ ಮೇಲೆ ಬಿದ್ದೆವು. ಅಟ್ಟಣೆ ಮುರಿದು ಹುಳುಗಳೆಲ್ಲ ನಮ್ಮ ಮೈಮೇಲೆ ಸುರಿದವು. ನಾವು ಅವುಗಳ ಮೇಲೆಯೇ ಹೊರಳಾಡಿದಂತೆ ಅವು ಪಚಪಚನೆ ಒಡೆಯುತ್ತಿದ್ದವು. ನಾನು ಮೊದಲು ಎದ್ದೆ. ಎರಡನೇ ಏಟು ಮಚ್ಚಿನ ಅಲಗಿನಿಂದಲೇ ಬಿತ್ತು, ಅವನ ಬಲತೊಡೆಯ ಒಳಭಾಗಕ್ಕೆ.

ರಕ್ತ ಹರಿಯಲಿಲ್ಲ, ಚಿಮ್ಮಿತು. ಕೊಳವೆ ಒಡೆದಂತೆ ಬಿಟ್ಟುಬಿಟ್ಟು ಚಿಮ್ಮಿ ಗೋಡೆಗೆ ಬಡಿಯಿತು. ಅವನು ಏಳಲು ನೋಡಿ ಮತ್ತೆ ಕುಸಿದ. ಅಷ್ಟಕ್ಕೆ ನನ್ನ ಸಿಟ್ಟು ಇಳಿಯಿತೆಂದು ನೀವು ತಿಳಿದರೆ ತಪ್ಪು. ನನಗೆ ಸಂತೋಷವಾಯಿತು. ಸುಳ್ಳು ಬರೆದು ಏನಾಗಬೇಕಿದೆ, ಬಹಳ ಸಂತೋಷವಾಯಿತು. ಮೂರನೇ ಏಟು ಕುತ್ತಿಗೆಗೆ ಎಂದು ಎರಡೂ ಕೈ ತಲೆಯ ಮೇಲೆ ಎತ್ತಿದೆ. ನನ್ನ ಬಾಯಲ್ಲಿ ಆ ವಚನವೇ ಇತ್ತು. ಅದನ್ನು ಹೇಳಿಕೊಂಡೇ ಎತ್ತಿದೆ. ಅಕ್ಕ "ಬ್ಯಾಡ ಕಣೋ, ಬ್ಯಾಡ ಕಣಪ್ಪಾ" ಎಂದು ನನ್ನ ಕಾಲು ಹಿಡಿದುಕೊಂಡಿದ್ದಳು. ನಾನು ಅವಳನ್ನೂ ಝಾಡಿಸಿದೆ.

ಅಲ್ಲಿಂದ ಮುಂದಿನ ಒಂದೆರಡು ಕ್ಷಣ ನನಗೆ ಇಲ್ಲ. ಮರೆತಿದ್ದಲ್ಲ, ಇಲ್ಲವೇ ಇಲ್ಲ. ಮಚ್ಚು ನನ್ನ ಹಿಂದೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನೋಡಿದರೆ ನಾನು ಮೊಣಕಾಲೂರಿ ಕೂತಿದ್ದೇನೆ, ನನ್ನ ಬಲಗೈ ಅವನ ತೊಡೆಸಂದಿಯಲ್ಲಿ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಒತ್ತಿ ಹಿಡಿದಿದೆ. ರಕ್ತ ನಿಂತಿತ್ತು. ಯಾರೂ ನನಗೆ ಹಾಗೆ ಒತ್ತಬೇಕೆಂದು ಹೇಳಿಕೊಟ್ಟಿರಲಿಲ್ಲ. ಗಾಯದ ಮೇಲೆ ಬಟ್ಟೆ ಕಟ್ಟಬೇಕೆಂದಷ್ಟೇ ನನಗೆ ಗೊತ್ತಿದ್ದದ್ದು. ಕೈ ತೆಗೆಯೋಣವೆಂದರೂ ಅದು ಬರಲಿಲ್ಲ.

ಪಕ್ಕದ ತೋಟದ ನಾರಾಯಣಸ್ವಾಮಿ ಗಲಾಟೆ ಕೇಳಿ ಓಡಿ ಬಂದ. ಮನೆಯಲ್ಲಿ ತೆಲುಗು ಮಾತಾಡುವವನು, ಗಾಬರಿಯಾದರೆ ಅದೇ ಬಾಯಿಗೆ ಬರುತ್ತದೆ. ಒಂದೇ ನೋಟಕ್ಕೆ ಎಲ್ಲ ಅರ್ಥ ಮಾಡಿಕೊಂಡ. "ಕೀ ಎಲ್ಲೈತೆ? ಗಾಡಿ ನಾನ್ ಓಡಿಸ್ತೀನಿ. ಚೆಯ್ಯಿ ವದಲೊದ್ದುರಾ, ಕೈ ಮಾತ್ರ ಬಿಡಬ್ಯಾಡ" ಎಂದ. ಅವನೂ ಅಕ್ಕನೂ ಭಾವನನ್ನು ಹೆಗಲು, ಕಾಲು ಹಿಡಿದು ಎತ್ತಿ ಟೆಂಪೊದ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿದರು. ನಾನು ಕೈ ಬಿಡದೆ ಜೊತೆಗೇ ತೆವಳಿ ಹತ್ತಿದೆ.

ಚಿಕ್ಕಬಳ್ಳಾಪುರ ತಲುಪಲು ಮುಕ್ಕಾಲು ಗಂಟೆಯ ಮೇಲೆ ಹಿಡಿಯಿತು. ಅಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನ ಎಡಗೈ ಟೆಂಪೊದ ಪಕ್ಕದ ಕಬ್ಬಿಣದ ಕಂಬಿಯನ್ನು ಹಿಡಿದಿತ್ತು. ಅದನ್ನು ಬಿಟ್ಟಿದ್ದರೆ ಮೊದಲ ತಿರುವಿನಲ್ಲೇ ನಾನು ಉರುಳಿ ಬೀಳುತ್ತಿದ್ದೆ. ಬಿಸಿಲಿಗೆ ಕಾದ ಕಂಬಿ, ಆಮೇಲೆ ನೋಡಿದರೆ ಆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ನಾನು ಬಲಗೈಯನ್ನು ನೋಡಲಿಲ್ಲ. ನೋಡಲು ಹೆದರಿಕೆಯಾಯಿತು. ಯಾಕೆಂದರೆ ಅವನ ನಾಡಿ ನನ್ನ ಬೆರಳ ತುದಿಗಳಿಗೆ ಬಡಿಯುತ್ತಿತ್ತು, ಮತ್ತು ಅದು ಎಲ್ಲಕ್ಕಿಂತ ಜೋರಾಗಿ ಬಡಿಯುತ್ತಿದ್ದದ್ದು ನನ್ನ ತೋರುಬೆರಳ ತುದಿಗೆ. ಇಲ್ಲದ ಬೆರಳಿಗೆ. ನರಗಳ ಆಟ ಎಂದು ಹಲ್ಲು ಕಚ್ಚಿಕೊಂಡೆ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎರಡು ಸಲ ಕಣ್ಣು ತೆರೆದು ನನ್ನನ್ನೇ ದಿಟ್ಟಿಸಿದ. ಇವನು ಸತ್ತರೆ ನಾನು ಕೊಲೆಗಾರ ಎಂಬುದು ಆಗ ನನಗೆ ಹೊಳೆಯಿತು. ಹೆಂಡತಿ, ಮಗಳು, ಜೈಲು ಎಲ್ಲ ಕಣ್ಣ ಮುಂದೆ ಬಂದವು. ಆದರೆ ಸ್ವಲ್ಪ ದೂರ ಹೋದ ಮೇಲೆ ಅದೂ ಹೋಯಿತು. ಇವನು ಸಾಯಬಾರದು ಎಂಬುದೊಂದೇ ಉಳಿಯಿತು. ದೇವರೇ ಇವನನ್ನು ಉಳಿಸು ಎಂದು ಬಾಯಿಬಿಟ್ಟು ಅತ್ತೆ. ನಾನು ಅಷ್ಟು ದ್ವೇಷಿಸುತ್ತಿದ್ದವನಿಗಾಗಿ ಹಾಗೆ ಅಳುತ್ತೇನೆಂದು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ಅವರ ಹಲ್ಲೂ ಉದುರುತ್ತಿತ್ತು.

ಆಸ್ಪತ್ರೆಯಲ್ಲಿ ನನ್ನ ಕೈಯನ್ನು ಬಿಡಿಸಲು ಇಬ್ಬರು ಬೇಕಾಯಿತು. ಮರಗಟ್ಟಿ ಹೋಗಿತ್ತು. ಆಪರೇಷನ್ ಮಾಡಿದ ಡಾಕ್ಟರಮ್ಮ ಸಂಜೆ ಹೊರಗೆ ಬಂದು, "ಒತ್ತಿ ಹಿಡಿದಿದ್ದು ನೀವಾ? ಇಷ್ಟು ಸರಿಯಾದ ಜಾಗ ಯಾರು ಹೇಳ್ಕೊಟ್ರು? ದಾರೀಲಿ ಐದು ನಿಮಿಷ ಬಿಟ್ಟಿದ್ರೂ ಉಳೀತಿರ್ಲಿಲ್ಲ" ಎಂದರು.

ಪೊಲೀಸರು ಮರುದಿನ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ನಾನು ಒಡೆದ ತುಟಿಯನ್ನು ಕೈಯಿಂದ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಭಾವ ನನ್ನನ್ನು ನೋಡಿ, ಆಮೇಲೆ ಅವರನ್ನು ನೋಡಿ, "ಕಡ್ಡಿ ಕಡೀತಿದ್ದೆ ಸಾರ್, ಮಚ್ಚು ಜಾರ್ತು" ಎಂದ. ಅದನ್ನೇ ಬರೆದುಕೊಂಡು ಹೋದರು.

ಮೂರನೇ ದಿನ ಡಾಕ್ಟರಮ್ಮ ಗಾಯದ ಪಟ್ಟಿ ಬದಲಿಸುವಾಗ ನನ್ನನ್ನು ಒಳಗೆ ಕರೆದರು. ತೊಡೆಸಂದಿಯಲ್ಲಿ ಕಪ್ಪು ನೀಲಿಗಟ್ಟಿದ ಗುರುತುಗಳು ಎದ್ದಿದ್ದವು. ಹೊರಗಡೆ ಒಂದು, ಒಳಗಡೆ ಸಾಲಾಗಿ ನಾಲ್ಕು. "ನಿಮ್ಮ ಕೈ ಸ್ವಲ್ಪ ಕೊಡಿ" ಎಂದರು. ನಾನು ಬಲಗೈ ಚಾಚಿದೆ. ಅದರಲ್ಲಿ ಮೂರೇ ಬೆರಳಿರುವುದನ್ನು ಅವರು ಮೊದಲ ದಿನವೇ ಗಮನಿಸಿದ್ದಿರಬೇಕು. ಹಿಡಿದು ಮೆಲ್ಲಗೆ ಆ ಗುರುತುಗಳ ಮೇಲೆ ಇಟ್ಟರು. ಹೆಬ್ಬೆರಳು ಹೊರಗಿನ ಗುರುತಿಗೆ ಕೂತಿತು. ಉಂಗುರದ ಬೆರಳೂ ಕಿರುಬೆರಳೂ ತಮ್ಮ ತಮ್ಮ ಗುರುತಿಗೆ ಕೂತವು. ನಡುವೆ ಎರಡು ಗುರುತು ಬರಿದಾಗಿ ಉಳಿದವು. ಅವೇ ಎಲ್ಲಕ್ಕಿಂತ ಕಪ್ಪಗಿದ್ದವು.

"ಎಡಗೈಲಿ ಹಿಡಿದಿದ್ರಾ?" ಎಂದು ಕೇಳಿದರು. ನಾನು ಎಡ ಅಂಗೈಯ ಬೊಬ್ಬೆ ತೋರಿಸಿದೆ. ಎಡಗೈಯದಾಗಿದ್ದರೆ ಹೆಬ್ಬೆರಳ ಗುರುತು ಆ ಕಡೆ ಬೀಳುವುದೂ ಸಾಧ್ಯವಿರಲಿಲ್ಲ. "ಇನ್ಯಾರಾದ್ರೂ ಒತ್ತಿದ್ರಾ?" ಎಂದರು. ಇಲ್ಲವೆಂದೆ. ಅವರು, ಚರ್ಮದ ಅಡಿಯಲ್ಲಿ ರಕ್ತ ಹೇಗೆ ಬೇಕಾದರೂ ಹರಡುತ್ತದೆ, ಅದಕ್ಕೆಲ್ಲ ಅರ್ಥ ಹುಡುಕಬಾರದು ಎಂದು ಹೇಳಿ ಪಟ್ಟಿ ಕಟ್ಟಿದರು. ಆದರೆ ಕೈ ತೊಳೆಯುವಾಗ ಎರಡು ಸಲ ತಿರುಗಿ ನನ್ನ ಕೈಯನ್ನೇ ನೋಡಿದರು.

ಅವರು ಹೇಳಿದ್ದೇ ಸರಿ ಎಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಎತ್ತುವಾಗ ಯಾರ ಬೆರಳಾದರೂ ಒತ್ತಿರಬಹುದೇ ಎಂದು ನಾರಾಯಣಸ್ವಾಮಿಯನ್ನು ಕೇಳಿದೆ. ತಾನು ಹೆಗಲು ಹಿಡಿದಿದ್ದೆ ಎಂದ. ಅಕ್ಕ ಕಾಲು ಹಿಡಿದಿದ್ದಳು. ಭಾವನನ್ನು ಮಾತ್ರ ಒಂದು ವರ್ಷ ಕೇಳಲಿಲ್ಲ. ಕೊನೆಗೊಮ್ಮೆ ಕೇಳಿದಾಗ, "ನೀನು ಗಾಡೀಲಿ ಹಿಡಿದಿದ್ದಾಗ ನಾನು ನೋಡಿದ್ನಪ್ಪ. ಐದೂ ಇದ್ವು. ಸಾಯೋ ಟೈಮಲ್ಲಿ ಹಂಗೆ ಕಾಣ್ತದೇನೋ ಅಂದ್ಕೊಂಡೆ" ಎಂದ.

ಅಯ್ಯನವರಿಗೆ ಮಚ್ಚು ಎತ್ತಿದ್ದೂ ಸೇರಿಸಿ ಎಲ್ಲ ಹೇಳಿದೆ. ಮೊದಲು ಚೆನ್ನಾಗಿ ಬೈದರು. ಆಮೇಲೆ, "ಆ ಕೀರ್ತನೆ ನಾನು ಎಷ್ಟು ಸಲ ಓದಿದ್ದೀನೋ ಏನೋ. ಯುದ್ಧ ಯಾರ ಜೊತೆ ಅಂತ ಕೇಳ್ಕೊಂಡೇ ಇರ್ಲಿಲ್ಲಪ್ಪ" ಎಂದರು. ಹಿರಿಯರು ತಾಳ್ಮೆ ತಾಳ್ಮೆ ಎಂದದ್ದು ತಪ್ಪಾಯಿತೆಂದು ಅಯ್ಯನವರೇ ಮುಂದಿನ ವಾರ ಸಭೆಯಲ್ಲಿ ಹೇಳಿದರು. ಅದೊಂದು ನನಗೆ ಸಮಾಧಾನವಾಯಿತು.

ಅಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಬಸ್ಸು ಹಿಡಿದು ಆ ಹುಳುಮನೆಗೆ ಹೋಗಿ ಸಂಜೆ ಬರುತ್ತಾಳೆ. ಯಾಕೆ ಹೋಗುತ್ತೀಯ ಎಂದರೆ, "ಹುಳು ನನ್ನವು ಕಣೋ, ಮನೆ ಅವರದು" ಅನ್ನುತ್ತಾಳೆ. ಭಾವ ಕುಂಟುತ್ತಾರೆ. ಅವಳ ಮೇಲೆ ಮತ್ತೆ ಕೈ ಎತ್ತಿಲ್ಲ, ಬಾಯಿ ಮಾತ್ರ ಹಾಗೇ ಇದೆ. ಇದನ್ನು ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರಿ. ನಾನು ಅವಳ್ನ ಹೊಡೀತಿದ್ದಿದ್ದೂ ಬರಿ" ಎಂದರು. ಬರೆದಿದ್ದೇನೆ.

ನಾನು ಆಮೇಲೆ ಯಾರ ಮೇಲೂ ಕೈ ಮಾಡಿಲ್ಲ. ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಹೋಗಿ, ಎಲ್ಲಿ ಹೇಗೆ ಒತ್ತಬೇಕೆಂದು ಕಲಿತೆ. ಗಾಡಿಯಲ್ಲಿ ಸದಾ ಒಗೆದ ಬಟ್ಟೆ, ಪಟ್ಟಿ ಇಟ್ಟುಕೊಂಡಿರುತ್ತೇನೆ. ರಸ್ತೆಯಲ್ಲಿ ಅಪಘಾತ ಕಂಡರೆ ಗೂಡಿನ ಲೋಡು ಇದ್ದರೂ ನಿಲ್ಲಿಸುತ್ತೇನೆ. ಎಷ್ಟು ಜನರನ್ನು ಆಸ್ಪತ್ರೆಗೆ ಮುಟ್ಟಿಸಿದೆನೋ ನೆನಪಿಟ್ಟಿಲ್ಲ. ನಾನು ಹುಟ್ಟಿದ್ದು ಇದಕ್ಕೇ ಇರಬೇಕು ಅನ್ನಿಸುತ್ತದೆ. ಇಲ್ಲದ ಬೆರಳು ಕೆರೆಯುವುದು ಅವತ್ತಿನಿಂದ ನಿಂತುಹೋಗಿದೆ.

ಇಲ್ಲಿಗೆ ಮುಗಿಸಿದರೆ ಇದು ಒಳ್ಳೆಯ ಸಾಕ್ಷಿಯಾಗುತ್ತಿತ್ತು. ಆದರೆ ಹೋದ ವರ್ಷ ಗೌರಿಬಿದನೂರು ರಸ್ತೆಯಲ್ಲಿ, ಮಂಚೇನಹಳ್ಳಿ ದಾಟಿದ ಮೇಲೆ, ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿಗೆ ಲಾರಿ ಬಡಿದಿತ್ತು. ಅದೇ ಜಾಗದ ಗಾಯ. ಓಡಿ ಹೋಗಿ ಒತ್ತಿದೆ. ಕಲಿತದ್ದನ್ನೆಲ್ಲ ಮಾಡಿದೆ, ಎರಡೂ ಕೈ ಹಾಕಿದೆ, ಕಿರುಚಿ ಪ್ರಾರ್ಥನೆ ಮಾಡಿದೆ, ಆ ವಚನವನ್ನೂ ಹೇಳಿದೆ. ಅವತ್ತಿನ ಬೆರಳು ಇವತ್ತೊಂದು ಸಲ ಕೊಡು ಎಂದು ಕೇಳಿದೆ. ಬರಲಿಲ್ಲ. ಆ ತಾಯಿಯ ರಕ್ತ ನನ್ನ ಬೆರಳಿಲ್ಲದ ಸಂದಿಯಲ್ಲೇ ಹರಿದು ಹೋಯಿತು. "ಮಗು ಸ್ಕೂಲಿಂದ ಬರ್ತಾಳೆ" ಎಂದದ್ದೇ ಅವರ ಕೊನೆಯ ಮಾತು.

ನಾನೇ ಕೊಲ್ಲಲು ಹೊರಟವನಿಗೆ ಸಿಕ್ಕಿದ್ದು, ಯಾರಿಗೂ ಕೆಡುಕು ಮಾಡದ ಆಕೆಗೆ ಯಾಕೆ ಸಿಗಲಿಲ್ಲ? ಅಯ್ಯನವರನ್ನು ಕೇಳಿದೆ, ಅವರು ನನ್ನ ಕೈ ಹಿಡಿದುಕೊಂಡು ಕೂತರು. ಕಾರ್ಡು ಬಿಸಿಲಿಗೆ ಬಿಳಿಚಿ ಈಗ ಅಕ್ಷರ ಕಾಣಿಸುವುದಿಲ್ಲ. ನಾನಿನ್ನೂ ಅದನ್ನು ತೆಗೆದಿಲ್ಲ. ರಸ್ತೆಯಲ್ಲಿ ಜನ ಗುಂಪುಗೂಡಿದ್ದು ಕಂಡರೆ ಇವತ್ತಿಗೂ ಗಾಡಿ ನಿಲ್ಲಿಸುತ್ತೇನೆ. ಇಳಿದು ಓಡುವ ಮುಂಚೆ ಒಂದು ಸಲ ಬಲಗೈ ಎತ್ತಿ, ಬೆರಳು ಎಷ್ಟಿವೆ ಎಂದು ನೋಡಿಕೊಳ್ಳುತ್ತೇನೆ.